ಹುಬ್ಬಳ್ಳಿ-ಧಾರವಾಡದ ಮನೆಯಲ್ಲಿ ರೀಫ್ ಅಕ್ವೇರಿಯಂ: ತೊಟ್ಟಿ ಇಡುವುದರಿಂದ ಹವಳ ಅರಳುವವರೆಗೆ

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿಕೊಂಡು, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲೆಯ ಕಡೆ ಅರಬ್ಬೀ ಸಮುದ್ರ ಸೇರುತ್ತದೆ. ಕಡಲಿನೊಂದಿಗೆ ನಮ್ಮೂರಿನ ನಂಟು ಇಷ್ಟೇ. ಆದರೂ ಇಲ್ಲಿನ ಮನೆಯೊಳಗೆ ಕ್ಲೌನ್ ಮೀನಿನ ಜೋಡಿಯನ್ನೂ ಮೃದು ಹವಳಗಳನ್ನೂ ವರ್ಷಗಟ್ಟಲೆ ಆರೋಗ್ಯವಾಗಿ ಇಟ್ಟುಕೊಳ್ಳಲು ಸಾಧ್ಯ. ಇಲ್ಲಿ ತೊಡಕಾಗುವ ಸಂಗತಿಗಳು ಮೂರು: ಗಡಸು ನೀರು, ಏಪ್ರಿಲ್-ಮೇ ತಿಂಗಳ ಕಾವು, ಗುಡುಗು ಮಳೆ ಬಂದೊಡನೆ ಹೋಗುವ ಕರೆಂಟು. ಈ ಮೂರಕ್ಕೂ ಮೊದಲೇ ವ್ಯವಸ್ಥೆ ಮಾಡಿಕೊಂಡವರಿಗೆ ಉಳಿದದ್ದು ಕಲಿಯಬಹುದಾದ ಕೆಲಸ.

ರೀಫ್ ತೊಟ್ಟಿ ಎಂದರೆ ಹವಳಗಳನ್ನೂ ಕಡಲ ಮೀನುಗಳನ್ನೂ ಉಪ್ಪುನೀರಿನಲ್ಲಿ ಇಡುವ ಗಾಜಿನ ತೊಟ್ಟಿ. ಅದರಲ್ಲಿ ನಾವು ಸಾಕುವುದು ನೀರನ್ನು. ನೀರು ಸ್ಥಿರವಾಗಿದ್ದರೆ ಅದರೊಳಗಿನ ಜೀವಗಳು ತಮ್ಮ ಪಾಡಿಗೆ ತಾವು ಬೆಳೆಯುತ್ತವೆ. ಈ ಬರಹದ ಹೆಚ್ಚಿನ ಪಾಲು ನೀರಿನ ಬಗ್ಗೆಯೇ ಇರುವುದಕ್ಕೆ ಅದೇ ಕಾರಣ.

ಮೊದಲು ಕಾನೂನು

ಅಂತರ್ಜಾಲದಲ್ಲಿ ಕಾಣುವ ಬಣ್ಣಬಣ್ಣದ ರೀಫ್ ತೊಟ್ಟಿಗಳು ಬಹುಪಾಲು ಬೇರೆ ದೇಶಗಳವು. ಅಲ್ಲಿ ಮಾರುಕಟ್ಟೆಯಲ್ಲಿ ಸಿಗುವುದೆಲ್ಲವನ್ನೂ ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ದಿಬ್ಬ ಕಟ್ಟುವ ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಾಕಾರದ ಗೊರ್ಗೋನಿಯನ್‌ಗಳು, ಕಡಲಕುದುರೆ, ಕಡಲಸೌತೆ ಇವುಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಜೀವಿಗಳ ಅನುಸೂಚಿಗೆ ಸೇರಿಸಲಾಯಿತು. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಅನುಸೂಚಿಗಳು ಬದಲಾದ ಮೇಲೂ ಹವಳಗಳ ರಕ್ಷಣೆ ಮುಂದುವರಿದಿದೆ. ಅಲಂಕಾರಕ್ಕೆಂದು ಸತ್ತ ಹವಳದ ಬಿಳಿ ತುಂಡನ್ನು ಇಟ್ಟುಕೊಳ್ಳುವುದೂ ತಪ್ಪು. ಹವಳದ ಬಂಡೆಯಿಂದ ಒಡೆದು ತಂದ ‘ಲೈವ್ ರಾಕ್’ ಕೂಡ ಇದೇ ಸಾಲಿಗೆ ಬರುತ್ತದೆ. ಅಂಗಡಿಯವರು ‘ಎಲ್ಲರೂ ಇಟ್ಟುಕೊಳ್ಳುತ್ತಾರೆ’ ಎಂದರೆ ನಂಬಬೇಡಿ.

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ರಾಜ್ಯದ ಹವಳಗಳಿವೆ. ಅವು ಅಲ್ಲಿಯೇ ಇರಲಿ ಎಂಬುದು ಕಾನೂನಿನ ಮಾತು ಮಾತ್ರವಲ್ಲ, ನನ್ನ ಮನಸ್ಸಿನ ಮಾತೂ ಹೌದು. ಮನೆಯ ತೊಟ್ಟಿಗೆ ಅನುಸೂಚಿಯಲ್ಲಿ ಹೆಸರಿಲ್ಲದ ಮೃದು ಹವಳಗಳು ಧಾರಾಳವಾಗಿ ಸಾಕು: ಜೋವಾಂಥಿಡ್, ಮಶ್ರೂಮ್ ಎಂದು ಕರೆಯುವ ಡಿಸ್ಕೋಸೋಮಾ, ಲೆದರ್ ಹವಳ ಎಂದು ಕರೆಯುವ ಸಾರ್ಕೋಫೈಟನ್ ಮತ್ತು ಸಿನುಲೇರಿಯಾ. ಹೊಸಬರಿಗೆ ಒಗ್ಗುವವೂ ಇವೇ. ಕೊಳ್ಳುವ ಮುನ್ನ ಜೀವಿಯ ವೈಜ್ಞಾನಿಕ ಹೆಸರನ್ನು ಬರೆಸಿಕೊಳ್ಳಿ, ಬಿಲ್ ಪಡೆಯಿರಿ, ಅನುಮಾನವಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ.

ಜಾಗ ಮತ್ತು ತೊಟ್ಟಿ

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಿಂದ ಆರಂಭಿಸಿ. ಸೆಂಟಿಮೀಟರಿನಲ್ಲಿ 90, 45, 45 ಎಂದರೆ 182 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ ನಿಜವಾಗಿ ಹಿಡಿಯುವ ನೀರು ಸುಮಾರು 150 ಲೀಟರ್. ಇದಕ್ಕಿಂತ ಚಿಕ್ಕದು ಅಗ್ಗ ಎನಿಸುತ್ತದೆ, ಆದರೆ ನೀರು ಕಡಿಮೆಯಾದಷ್ಟೂ ಉಷ್ಣತೆ ಮತ್ತು ಉಪ್ಪಿನ ಏರಿಳಿತ ಹೆಚ್ಚು. ಆರಂಭದವರು ಚಿಕ್ಕ ತೊಟ್ಟಿ ಕೊಳ್ಳುವುದು ಬೇಡವೆಂದೇ ನನ್ನ ಸಲಹೆ. ಈ ಅಳತೆಗೆ 10 ಮಿಲಿಮೀಟರ್ ಗಾಜು ಹಾಕಿಸಿ. ಅಂಟಿಸುವ ಸಿಲಿಕೋನ್ ಅಕ್ವೇರಿಯಂಗೆಂದೇ ತಯಾರಾದದ್ದಿರಲಿ. ಬಚ್ಚಲಿಗೆ ಬಳಸುವ ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ವಿಷ ಬೆರೆತಿರುತ್ತದೆ.

ಗಾಜು, ಕಲ್ಲು, ಮರಳು, ನೀರು, ಸ್ಟ್ಯಾಂಡು ಎಲ್ಲ ಸೇರಿ ಭಾರ ಕಾಲು ಟನ್ ದಾಟುತ್ತದೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಮೇಲಿನ ನೆಲಹಾಸು ಒಂದು ಬದಿಗೆ ಕುಸಿಯಬಹುದು. ಸ್ಟ್ಯಾಂಡ್ ಇಟ್ಟು ಎರಡೂ ದಿಕ್ಕಿಗೆ ರಸಮಟ್ಟ ಹಿಡಿದು ನೋಡಿ, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ನೋಡಿ. ಓರೆಯಾಗಿ ನಿಂತ ತೊಟ್ಟಿಯ ಜೋಡಣೆಯ ಮೇಲೆ ಒತ್ತಡ ಒಂದೇ ಕಡೆ ಬೀಳುತ್ತದೆ. ಗಾಜಿನ ತಳಕ್ಕೂ ಸ್ಟ್ಯಾಂಡಿಗೂ ನಡುವೆ ಥರ್ಮಾಕೋಲ್ ಹಾಳೆ ಇರಲಿ.

ಜಾಗ ಆರಿಸುವಾಗ ನೆಲಮಹಡಿಯ, ಬಿಸಿಲು ನೇರವಾಗಿ ಬೀಳದ ಒಳಕೋಣೆಗೆ ಮೊದಲ ಮಣೆ. ಆರ್‌ಸಿಸಿ ಛಾವಣಿಯ ಕೆಳಗಿನ ಮೇಲ್ಮಹಡಿಯ ಕೋಣೆ ಮೇ ತಿಂಗಳಲ್ಲಿ ತೊಟ್ಟಿಯನ್ನು ಬೇಯಿಸಿಬಿಡುತ್ತದೆ. ಅಡುಗೆಮನೆ ಮತ್ತು ದೇವರ ಕೋಣೆಯಿಂದಲೂ ದೂರವಿರಲಿ. ಒಗ್ಗರಣೆಯ ಹೊಗೆ, ಊದುಬತ್ತಿಯ ಹೊಗೆ ನೀರಿನ ಮೇಲೆ ಪದರವಾಗಿ ಕೂರುತ್ತದೆ.

ನೀರು

ಮಹಾನಗರ ಪಾಲಿಕೆಯ ನಲ್ಲಿಯಲ್ಲಿ ಬರುವ ಮಲಪ್ರಭೆಯ ನೀರು ಕುಡಿಯಲು ಯೋಗ್ಯ, ರೀಫ್ ತೊಟ್ಟಿಗೆ ಯೋಗ್ಯವಲ್ಲ. ಅದರಲ್ಲಿ ಕ್ಲೋರಿನ್ ಇರುತ್ತದೆ, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಇರಬಹುದು. ಬೋರ್‌ವೆಲ್ ನೀರಿನ ಗಡಸು ಅದಕ್ಕಿಂತ ಹೆಚ್ಚು. ಗದಗ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಇದೆ. ಇಂಥ ನೀರಿಗೆ ಉಪ್ಪು ಬೆರೆಸಿದರೆ ಮೊದಲ ತಿಂಗಳಿನಿಂದಲೇ ಪಾಚಿಯ ಕಾಟ ಶುರುವಾಗುತ್ತದೆ.

ಬೇಕಾದದ್ದು ಆರ್‌ಒ (ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ನೀರು ಸೋಸುವುದು) ಮತ್ತು ಡಿಐ (ಉಳಿದ ಲವಣವನ್ನು ರಾಳದ ಹರಳುಗಳಿಂದ ಹೀರಿಸುವುದು) ಎರಡೂ ಇರುವ ಘಟಕ. ಮನೆಯಲ್ಲಿ ಕುಡಿಯಲು ಇಟ್ಟ ಆರ್‌ಒ ಅರ್ಧ ದಾರಿ ಮಾತ್ರ ಹೋಗುತ್ತದೆ. ಲೆಕ್ಕ ನೋಡಿ: ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, 800 ಇದ್ದು, ಪೊರೆ ಶೇಕಡಾ 96ರಷ್ಟನ್ನು ತಡೆದರೂ ಹೊರಬರುವ ನೀರಿನಲ್ಲಿ 32 ಉಳಿಯುತ್ತದೆ. ಕುಡಿಯುವ ಯಂತ್ರಗಳಲ್ಲಿ ರುಚಿಗಾಗಿ ಖನಿಜ ಸೇರಿಸುವ ವ್ಯವಸ್ಥೆ ಬೇರೆ ಇರುತ್ತದೆ. ಆರ್‌ಒ ಬಳಿಕ ಡಿಐ ರಾಳದ ಡಬ್ಬಿಯ ಮೂಲಕ ಹರಿಸಿದರೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಸೊನ್ನೆಯಿಂದ ಮೇಲೇರಿದ ದಿನ ರಾಳ ಬದಲಿಸುವ ಕಾಲ ಬಂದಿತೆಂದು ತಿಳಿಯಿರಿ.

ಆರ್‌ಒ ಪೊರೆಗೆ ಒತ್ತಡ ಬೇಕು, ಸುಮಾರು ನಾಲ್ಕು ಬಾರ್. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದೇ ಬಾರ್. ಛಾವಣಿಯ ಮೇಲಿನ ಟ್ಯಾಂಕಿನಿಂದ ನೇರವಾಗಿ ಜೋಡಿಸಿದರೆ ನೀರು ತೊಟ್ಟಿಕ್ಕುತ್ತದೆ, ಶುದ್ಧತೆಯೂ ಕೆಡುತ್ತದೆ. ಬೂಸ್ಟರ್ ಪಂಪ್ ಕಡ್ಡಾಯ. ಒಂದು ಲೀಟರ್ ಶುದ್ಧ ನೀರಿಗೆ ಮೂರು-ನಾಲ್ಕು ಲೀಟರ್ ತ್ಯಾಜ್ಯ ನೀರು ಹೊರಬೀಳುತ್ತದೆ. ಎಷ್ಟೋ ಬಡಾವಣೆಗಳಿಗೆ ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಊರಿನಲ್ಲಿ ಅದನ್ನು ಚರಂಡಿಗೆ ಹರಿಸಲು ಮನಸ್ಸು ಒಪ್ಪದು. ನೆಲ ಒರೆಸಲು, ಪಾಯಿಖಾನೆಗೆ, ಅಂಗಳ ತೊಳೆಯಲು ಬಳಸಿ. ನಲ್ಲಿ ಬಂದ ದಿನವೇ ಶುದ್ಧ ನೀರು ಮಾಡಿ ಎರಡು ಡ್ರಮ್‌ಗಳಲ್ಲಿ ತುಂಬಿಡಿ. ಡ್ರಮ್ ಆಹಾರ ತುಂಬಲು ಯೋಗ್ಯವಾದ ಪ್ಲಾಸ್ಟಿಕ್ಕಿನದಾಗಿರಲಿ. ಕೀಟನಾಶಕವೋ ರಾಸಾಯನಿಕವೋ ತುಂಬಿದ್ದ ಹಳೆಯ ಡ್ರಮ್ಮನ್ನು ಎಷ್ಟು ತೊಳೆದರೂ ಬಳಸಬೇಡಿ.

ನಮ್ಮ ಕಡೆಯ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತು: ಈ ನೀರು ತಾಮ್ರದ ಕೊಡ, ಹಂಡೆ, ಹಿತ್ತಾಳೆಯ ತಂಬಿಗೆ ಮುಟ್ಟಬಾರದು. ಮನುಷ್ಯರಿಗೆ ಒಳ್ಳೆಯದೆಂದು ರಾತ್ರಿ ತುಂಬಿಡುವ ಅದೇ ತಾಮ್ರ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ. ಅತಿ ಕಡಿಮೆ ಪ್ರಮಾಣದಲ್ಲೂ ಕೊಲ್ಲುತ್ತದೆ. ಮನೆಯ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿಡಿ. ತೊಟ್ಟಿಯ ನೀರು ಇಳಿದದ್ದನ್ನು ಕಂಡು ಒಳ್ಳೆಯ ಮನಸ್ಸಿನಿಂದಲೇ ಅವರು ಹಂಡೆಯ ನೀರು ಸುರಿಯಬಹುದು.

ಕಾರವಾರದಿಂದ ಕಡಲ ನೀರನ್ನೇ ಕ್ಯಾನುಗಳಲ್ಲಿ ತರಬಾರದೇ ಎಂದು ಕೇಳುವವರಿದ್ದಾರೆ. ಕಾಳಿ ನದಿ ಅಲ್ಲಿಯೇ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿಯುತ್ತದೆ, ಹೂಳು ಬೆರೆಯುತ್ತದೆ, ಬಂದರಿನ ಬಳಿ ಎಣ್ಣೆಯ ಅಂಶವೂ ಇರಬಹುದು. ಅರಬೈಲ್ ಘಟ್ಟ ಹತ್ತಿಸಿ ತಂದ ನೀರಿನ ಗುಣ ಪ್ರತಿ ಸಲವೂ ಬೇರೆಯಾಗಿರುತ್ತದೆ. ಮೊದಲ ತೊಟ್ಟಿಗೆ ಅದು ಬೇಡ.

ಉಪ್ಪು ಬೆರೆಸುವುದು

ಅಡುಗೆ ಉಪ್ಪು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ರೀಫ್ ತೊಟ್ಟಿಗೆಂದು ಮಾರುವ ಉಪ್ಪಿನ ಮಿಶ್ರಣದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಎಲ್ಲವೂ ಕಡಲಿನಲ್ಲಿರುವ ಪ್ರಮಾಣದಲ್ಲಿ ಇರುತ್ತವೆ. ಲೀಟರಿಗೆ ಸುಮಾರು 37 ಗ್ರಾಂ, ಅಂದರೆ 150 ಲೀಟರಿಗೆ ಐದೂವರೆ ಕಿಲೊ. ಮೊದಲು ಐದು ಕಿಲೊ ಹಾಕಿ, ಅಳೆದು, ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಡ್ರಮ್ಮಿನಲ್ಲಿ ನೀರು ಮೊದಲು, ಉಪ್ಪು ನಂತರ. ಒಳಗೊಂದು ಪಂಪ್ ಹಾಕಿ ರಾತ್ರಿಯಿಡೀ ಸುತ್ತಿಸಿ. ಜೀವಗಳಿರುವ ತೊಟ್ಟಿಗೆ ನೇರವಾಗಿ ಉಪ್ಪು ಸುರಿಯುವುದು ಎಂದಿಗೂ ಸಲ್ಲದು. ಕರಗದ ಹರಳು ಮೈಮೇಲೆ ಬಿದ್ದ ಜಾಗದಲ್ಲಿ ಹವಳ ಸುಡುತ್ತದೆ.

ಗುರಿ 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ 35 ಭಾಗ ಉಪ್ಪು), ಸಾಪೇಕ್ಷ ಸಾಂದ್ರತೆಯಲ್ಲಿ, ಅಂದರೆ ಸಿಹಿನೀರಿಗೆ ಹೋಲಿಸಿದ ತೂಕದಲ್ಲಿ, 1.025ರಿಂದ 1.026. ತೇಲುವ ಪ್ಲಾಸ್ಟಿಕ್ ಕಡ್ಡಿಯ ಅಳತೆಪಟ್ಟಿಗಳು ನಂಬಲರ್ಹವಲ್ಲ, ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಅದನ್ನೂ ಬರೀ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು, 35ರ ಬಳಿ ಅದು ತಪ್ಪಾಗಿ ತೋರಿಸಬಹುದು. ಪರೀಕ್ಷೆಯ ದ್ರಾವಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: 963.5 ಗ್ರಾಂ ಡಿಐ ನೀರಿಗೆ 36.5 ಗ್ರಾಂ ಶುದ್ಧ, ಒಣ ಸೋಡಿಯಂ ಕ್ಲೋರೈಡ್ ಕರಗಿಸಿ. ಬೆಳಕನ್ನು ಬಾಗಿಸುವ ಗುಣದಲ್ಲಿ ಈ ದ್ರಾವಣ 35 ಪಿಪಿಟಿಯ ಕಡಲ ನೀರಿಗೆ ಸಮ. ಇದರ ಎರಡು ಹನಿ ಗಾಜಿನ ಮೇಲೆ ಬಿಟ್ಟು, ಒಂದು ನಿಮಿಷ ತಾಳಿ, ಗೆರೆ 35ಕ್ಕೆ ನಿಲ್ಲುವಂತೆ ತಿರುಪು ತಿರುಗಿಸಿ. ಆರಂಭಕ್ಕೆ ಒಳ್ಳೆಯ ಅಡುಗೆಮನೆಯ ತಕ್ಕಡಿ ಸಾಕು.

ಕಲ್ಲು, ಮರಳು, ಯಂತ್ರಗಳು

ಕಲ್ಲು ಅಲಂಕಾರಕ್ಕಷ್ಟೇ ಅಲ್ಲ, ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳ ಮನೆ. ರಂಧ್ರಗಳಿರುವ, ಕೃತಕವಾಗಿ ತಯಾರಿಸಿದ ಒಣ ರೀಫ್ ಕಲ್ಲು ಅಥವಾ ಸೆರಾಮಿಕ್ ಕಲ್ಲು ಹದಿನೈದು ಕಿಲೊದಷ್ಟು ಸಾಕು. ಬಿಳಿ ಸಿಮೆಂಟಿನಿಂದ ಸ್ವತಃ ಮಾಡಿಕೊಳ್ಳುವವರು ಆರೆಂಟು ವಾರ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ, ಪಿಎಚ್ (ಆಮ್ಲ-ಕ್ಷಾರದ ಅಳತೆ) 8.5ಕ್ಕಿಂತ ಕೆಳಗಿಳಿದ ಮೇಲಷ್ಟೇ ಬಳಸಬೇಕು. ಕಪ್ಪತಗುಡ್ಡದ ಬಣ್ಣದ ಕಲ್ಲುಗಳು ಚೆಂದ ಕಾಣುತ್ತವೆಂದು ಎತ್ತಿಕೊಂಡು ಬರಬೇಡಿ. ಅದು ವನ್ಯಜೀವಿಧಾಮ, ಜೊತೆಗೆ ಅಲ್ಲಿಯದು ಲೋಹದ ಅದಿರಿರುವ ಕಲ್ಲು. ಕಲ್ಲನ್ನು ಗಾಜಿನ ತಳದ ಮೇಲೆ ಮೊದಲು ಗಟ್ಟಿಯಾಗಿ ಕೂರಿಸಿ, ಆಮೇಲೆ ಸುಣ್ಣದಂಶದ ಅರಗೊನೈಟ್ ಮರಳನ್ನು ಮೂರು ಸೆಂಟಿಮೀಟರ್ ಹರಡಿ. ಮರಳಿನ ಮೇಲೆ ಕಲ್ಲಿಟ್ಟರೆ ಅಗೆಯುವ ಮೀನು ಅಡಿಪಾಯ ಕೆಡವುತ್ತದೆ. ಹಿಂಬದಿಯ ಗಾಜಿಗೆ ತಾಗದಂತೆ ಬಿಟ್ಟರೆ ನೀರು ಸುತ್ತಲೂ ಹರಿಯುತ್ತದೆ.

ಯಂತ್ರಗಳಲ್ಲಿ ಎಲ್ಲಿ ಹಣ ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಎಂಬುದನ್ನು ಹೇಳಿಬಿಡುತ್ತೇನೆ. ಆರ್‌ಒ-ಡಿಐ ಘಟಕ, ಪರೀಕ್ಷೆಯ ಕಿಟ್‌ಗಳು, ದೀಪ ಇವಕ್ಕೆ ಧಾರಾಳವಾಗಿರಿ. ಗಂಟೆಗೆ ಒಟ್ಟು ಮೂರು ಸಾವಿರ ಲೀಟರ್ ನೀರು ಚಲಿಸುವಂತೆ ನೀರನ್ನು ಅಲೆಯಾಗಿ ತಳ್ಳುವ ಎರಡು ವೇವ್ ಮೇಕರ್ ಪಂಪುಗಳನ್ನು ಎದುರುಬದುರಾಗಿ ಹಾಕಿ, ಡಿಸಿ ಮೋಟಾರಿನವಾದರೆ ಕರೆಂಟು ಹೋದಾಗ ಉಪಕಾರ. ಪ್ರೋಟೀನ್ ಸ್ಕಿಮ್ಮರ್ ಸಣ್ಣ ಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ಎತ್ತಿ ಹೊರಹಾಕುತ್ತದೆ. ತೊಟ್ಟಿಯ ಕೆಳಗೊಂದು ಸಣ್ಣ ತೊಟ್ಟಿ ಕಟ್ಟಿಸಿದರೆ ಅದು ಅಲ್ಲಿ ಕೂರುತ್ತದೆ, ಹೀಟರ್ ಕೂಡ ಕಣ್ಣಿಗೆ ಬೀಳದು. ನೀಲಿ-ಬಿಳಿ ಎಲ್‌ಇಡಿ ದೀಪ ದಿನಕ್ಕೆ ಎಂಟರಿಂದ ಒಂಬತ್ತು ಗಂಟೆ ಸಾಕು. ಬಾಟಲಿಗಳಲ್ಲಿ ಬರುವ ತರಹೇವಾರಿ ‘ಟಾನಿಕ್’ಗಳಿಗೆ ಒಂದು ರೂಪಾಯಿಯೂ ಬೇಡ.

ಉಪ್ಪುನೀರಿಗೂ ವಿದ್ಯುತ್ತಿಗೂ ಸ್ನೇಹವಿಲ್ಲ. ಸರಿಯಾದ ಅರ್ತಿಂಗ್ ಇರಲಿ, ತೊಟ್ಟಿಯ ಸಾಲಿಗೆ ಕರೆಂಟು ಸೋರಿದೊಡನೆ ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ, ಪ್ರತಿ ವೈರೂ ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗಿಳಿದು ಮೇಲೇರುವಂತೆ ಬಿಡಿ. ವೈರಿನ ಗುಂಟ ಹರಿದ ಹನಿ ಅಲ್ಲಿಯೇ ನೆಲಕ್ಕೆ ಬೀಳುತ್ತದೆ.

ಮೀನಿಲ್ಲದ ಆರು ವಾರ

ನೀರು ತುಂಬಿ, ಪಂಪು ಓಡತೊಡಗಿದ ಮೇಲೆ ತೊಟ್ಟಿ ನೋಡಲು ಸಿದ್ಧವಾದಂತೆಯೇ ಕಾಣುತ್ತದೆ. ಆದರೆ ಮೀನಿನ ಮಲ, ಮೂತ್ರ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವವರು ಅಲ್ಲಿ ಇನ್ನೂ ಯಾರೂ ಇಲ್ಲ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಬಾಟಲಿಯ ಬ್ಯಾಕ್ಟೀರಿಯಾ ಇಲ್ಲಿ ಹಾಲಿಗೆ ಬಿಟ್ಟ ಹೆಪ್ಪು. ಹಾಕಿದರೆ ಕೆಲಸ ಬೇಗ, ಹಾಕದಿದ್ದರೆ ನಿಧಾನ. ಯಾವುದಾದರೂ ಸರಿ, ನಾಲ್ಕರಿಂದ ಆರು ವಾರ ಕಾಯಲು ಮನಸ್ಸು ಮಾಡಿ. ಸಿಹಿನೀರಿನ ತೊಟ್ಟಿಗಿಂತ ಇಲ್ಲಿ ಪಿಎಚ್ ಹೆಚ್ಚಿರುವುದರಿಂದ ಅದೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷಕಾರಿ. ಆದ್ದರಿಂದಲೇ ಮೀನು ಬಿಟ್ಟು ‘ಪರೀಕ್ಷೆ’ ನೋಡುವ ಪದ್ಧತಿ ಕ್ರೂರ.

ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಶುದ್ಧ ಅಮೋನಿಯಂ ಕ್ಲೋರೈಡ್ ಕೊಡಬಹುದು. ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ ವಸ್ತು. ಆದರೆ ಅವರ ಬಳಿ ಸಿಗುವುದರಲ್ಲಿ ಲೋಹದ ಕಲ್ಮಶ ಇರುವ ಸಂಭವವಿದೆ, ಆದ್ದರಿಂದ ಪ್ರಯೋಗಾಲಯ ದರ್ಜೆಯದನ್ನೇ ಕೊಳ್ಳಿ. 150 ಲೀಟರಿಗೆ ಒಂದು ಗ್ರಾಂ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಎರಡು ದಿನಕ್ಕೊಮ್ಮೆ ಅಳೆದು ವಹಿಯಲ್ಲಿ ಬರೆದಿಡಿ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರಿ ಕೆಲ ಕಾಲ ಅಲ್ಲೇ ನಿಂತುಬಿಡುತ್ತದೆ, ಹಠಾತ್ತನೆ ಒಂದು ದಿನ ಅದೂ ಇಳಿಯುತ್ತದೆ. ಮತ್ತೆ ಒಂದು ಗ್ರಾಂ ಹಾಕಿ ನೋಡಿ. 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ತೊಟ್ಟಿ ತಯಾರು. ಅರ್ಧದಷ್ಟು ನೀರು ಬದಲಿಸಿ ಶೇಖರವಾದ ನೈಟ್ರೇಟ್ ತಗ್ಗಿಸಿ.

ಇದಾದ ಮೇಲೆ ಕಲ್ಲು-ಮರಳಿನ ಮೇಲೆ ಕಂದು ಧೂಳಿನಂಥ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹರಡುತ್ತದೆ, ಅದು ಹೋಗುವಷ್ಟರಲ್ಲಿ ಹಸಿರು ಕೂದಲು ಪಾಚಿ ಏಳುತ್ತದೆ. ಎದೆಗುಂದಬೇಡಿ, ಔಷಧಿ ಸುರಿಯಬೇಡಿ. ದೀಪದ ಹೊತ್ತು ತಗ್ಗಿಸಿ, ಕೈಯಿಂದ ಕಿತ್ತು ತೆಗೆಯಿರಿ, ಸಣ್ಣ ಕಡಲ ಬಸವನಹುಳುಗಳನ್ನೂ ಒಂದೆರಡು ಹರ್ಮಿಟ್ ಏಡಿಗಳನ್ನೂ ಬಿಡಿ. ಕೆಲವು ದೊಡ್ಡ ಶಂಖ-ಚಿಪ್ಪಿನ ಜಾತಿಗಳೂ ರಕ್ಷಿತ ಪಟ್ಟಿಯಲ್ಲಿವೆ, ಹೆಸರು ಕೇಳಿಯೇ ಕೊಳ್ಳಿ. ನಾಲ್ಕೈದು ತಿಂಗಳಾದ ಮೇಲೆ ಕಲ್ಲಿನ ಮೇಲೆ ನೇರಳೆ ಬಣ್ಣದ ಗಟ್ಟಿ ಪಾಚಿಯ ಚುಕ್ಕೆಗಳು ಮೂಡಿದರೆ ನೀರು ಪಕ್ವವಾಗುತ್ತಿದೆ ಎಂದರ್ಥ.

ಮೀನು

ಈ ಅಳತೆಯ ತೊಟ್ಟಿಗೆ ನಾಲ್ಕು ಸಣ್ಣ ಮೀನು ಸಾಕು: ಒಂದು ಜೋಡಿ ಆಸೆಲ್ಲಾರಿಸ್ ಕ್ಲೌನ್, ಒಂದು ಫೈರ್‌ಫಿಶ್, ಒಂದು ವಾಚ್‌ಮನ್ ಗೋಬಿ. ಕ್ಲೌನ್‌ಗಳನ್ನು ಹಿಡಿದು ತಂದದ್ದಕ್ಕಿಂತ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂ, ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಮಾಡುವ ವಿಧಾನವನ್ನು ರೂಪಿಸಿದೆ. ದೇಶದಲ್ಲೇ ಹುಟ್ಟಿದ ಮರಿಗಳು ಸಿಗುತ್ತವೆ. ಅವು ತೊಟ್ಟಿಗೆ ಹೊಂದಿಕೊಂಡಿರುತ್ತವೆ, ಕೊಟ್ಟ ಆಹಾರ ತಿನ್ನುತ್ತವೆ. ಗಂಡು-ಹೆಣ್ಣು ಹುಡುಕುವ ಗೋಜೂ ಇಲ್ಲ. ಎಲ್ಲ ಕ್ಲೌನ್‌ಗಳೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಎರಡು ಮರಿ ತಂದರೆ ದೊಡ್ಡದು ಹೆಣ್ಣಾಗುತ್ತದೆ. ಕಡಲಿನಲ್ಲಿ ಅವು ಆಶ್ರಯ ಪಡೆಯುವ, ಹೂವಿನಂತೆ ಕಾಣುವ ಅನಿಮೋನ್ ಎಂಬ ಜೀವಿ ಬೇಕೇ ಬೇಕೆಂದಿಲ್ಲ. ಅನಿಮೋನ್‌ಗೆ ಕನಿಷ್ಠ ಒಂದು ವರ್ಷ ಹಳೆಯ, ಸ್ಥಿರವಾದ ತೊಟ್ಟಿ ಬೇಕು.

ಮಕ್ಕಳು ಕೇಳುವ ನೀಲಿ ಟ್ಯಾಂಗ್ ಬೇಡ. ಈಜಲು ಅದಕ್ಕೆ ಇದರ ಎರಡು ಪಟ್ಟು ಉದ್ದದ ತೊಟ್ಟಿಯಾದರೂ ಬೇಕು. ಮ್ಯಾಂಡರಿನ್ ಮೀನೂ ಬೇಡ, ಅದು ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ.

ಮೀನು ಬೆಂಗಳೂರು, ಚೆನ್ನೈ ಅಥವಾ ಮುಂಬಯಿಯಿಂದ ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಬರುತ್ತದೆ. ಇಷ್ಟು ಹೊತ್ತು ಚೀಲದಲ್ಲಿದ್ದ ಮೀನನ್ನು ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿಹನಿಯಾಗಿ ಹೊಂದಿಸುವುದು ಅಪಾಯಕಾರಿ. ಉಸಿರಿನ ಇಂಗಾಲದ ಡೈಆಕ್ಸೈಡಿನಿಂದ ಚೀಲದ ನೀರಿನ ಪಿಎಚ್ ಇಳಿದಿರುತ್ತದೆ, ಅದರಿಂದ ಅಮೋನಿಯಾ ಹೆಚ್ಚು ಕಾಡುತ್ತಿರುವುದಿಲ್ಲ. ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗಿ ತಿರುಗುತ್ತದೆ. ಅಂಗಡಿಯವರಿಗೆ ಮೊದಲೇ ಫೋನ್ ಮಾಡಿ ಅವರ ನೀರಿನ ಉಪ್ಪಿನ ಪ್ರಮಾಣ ಕೇಳಿ. ಎಷ್ಟೋ ಅಂಗಡಿಗಳು 1.020ರ ಸುತ್ತ ಇಟ್ಟಿರುತ್ತವೆ. ಪ್ರತ್ಯೇಕ ತೊಟ್ಟಿಯ ನೀರನ್ನು ಅದಕ್ಕೆ ಸರಿಯಾಗಿ ಸಿದ್ಧಮಾಡಿಟ್ಟು, ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ತೇಲಿಬಿಟ್ಟು ಉಷ್ಣತೆ ಸಮನಾದ ಮೇಲೆ, ಮೀನನ್ನಷ್ಟೇ ದಾಟಿಸಿ, ಚೀಲದ ನೀರನ್ನು ಚೆಲ್ಲಿ. ಆಮೇಲೆ ಹಲವು ದಿನಗಳಲ್ಲಿ ಉಪ್ಪನ್ನು ನಿಧಾನವಾಗಿ 35ಕ್ಕೆ ಏರಿಸಿ.

ಪ್ರತ್ಯೇಕ ತೊಟ್ಟಿ ಎಂದೆನಲ್ಲ, ಅದಿಲ್ಲದೆ ಮೀನು ತರಬೇಡಿ. 40-50 ಲೀಟರಿನ ಬರಿಯ ತೊಟ್ಟಿ, ಅಡಗಲು ಪಿವಿಸಿ ಪೈಪಿನ ತುಂಡು, ಮುಖ್ಯ ತೊಟ್ಟಿಯಲ್ಲಿ ಮೊದಲೇ ನೆನೆಸಿಟ್ಟ ಸ್ಪಂಜ್ ಫಿಲ್ಟರ್, ಹೀಟರ್. ನಾಲ್ಕು ವಾರ ಅಲ್ಲಿರಲಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುವ ಕ್ರಿಪ್ಟೋಕ್ಯಾರಿಯಾನ್ ರೋಗ, ಸಣ್ಣ ಧೂಳಿನಂತೆ ಕಂಡು ಕೆಲವೇ ದಿನಗಳಲ್ಲಿ ಕೊಲ್ಲುವ ವೆಲ್ವೆಟ್ ರೋಗ ಎರಡಕ್ಕೂ ತಾಮ್ರದ ಔಷಧಿಯೇ ಮುಖ್ಯ ಚಿಕಿತ್ಸೆ, ಅದನ್ನು ಹವಳವಿರುವ ತೊಟ್ಟಿಗೆ ಹಾಕುವಂತಿಲ್ಲ. ಬಿಳಿ ಚುಕ್ಕೆ ಮುಖ್ಯ ತೊಟ್ಟಿಗೆ ಹೊಕ್ಕರೆ ಎಲ್ಲ ಮೀನುಗಳನ್ನೂ ಹೊರತೆಗೆದು 76 ದಿನ ಮೀನಿಲ್ಲದೆ ಬಿಡುವುದು ಅನುಭವಿಗಳ ರೂಢಿ.

ಹವಳ

ಮೂರನೆಯ ತಿಂಗಳಿನವರೆಗೂ ಹವಳ ತರುವ ಆತುರ ಬೇಡ. ಹವಳದ ಮಾಂಸದೊಳಗೆ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ, ಬೆಳಕಿನಿಂದ ಅದು ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಅನ್ನ. ಹಠಾತ್ತನೆ ಬಲವಾದ ಬೆಳಕು ಬಿದ್ದರೆ ಅಥವಾ ನೀರು ಕಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ದೀಪವನ್ನು ಮೂರನೆಯ ಒಂದು ಭಾಗದಿಂದ ಆರಂಭಿಸಿ, ವಾರಗಳಲ್ಲಿ ಏರಿಸಿ. ಮಶ್ರೂಮ್‌ಗಳನ್ನು ಕೆಳಗೆ, ನೆರಳಿನ ಕಡೆ ಇಡಿ, ಜೋವಾಂಥಿಡ್ ನಡುವೆ, ಲೆದರ್ ಹವಳ ನೀರಿನ ಹರಿವು ಚೆನ್ನಾಗಿರುವಲ್ಲಿ.

ಲೆದರ್ ಹವಳದ ಒಂದು ನಡವಳಿಕೆ ಹೊಸಬರನ್ನು ಹೆದರಿಸುತ್ತದೆ. ಚಾಚಿಕೊಂಡಿದ್ದ ನೂರಾರು ಪುಟ್ಟ ಬಾಯಿಗಳು ಒಂದು ಬೆಳಗ್ಗೆ ಒಳಸರಿದು, ತಲೆ ನುಣ್ಣಗೆ, ಮೇಣ ಸವರಿದ ಹಾಗೆ ಹೊಳೆಯತೊಡಗುತ್ತದೆ. ಬಣ್ಣ ಮಂಕಾಗುತ್ತದೆ, ದಿನಗಟ್ಟಲೆ, ಕೆಲವೊಮ್ಮೆ ವಾರವಾದರೂ ತೆರೆಯುವುದಿಲ್ಲ. ಬಳಿಕ ಅಂಚಿನಿಂದ ತೆಳ್ಳನೆಯ ಪೊರೆಯೊಂದು ಏಳುತ್ತದೆ, ನೀರಿನ ಸೆಳೆತಕ್ಕೆ ಚೂರುಚೂರಾಗಿ ಕಳಚಿ ಹೋಗುತ್ತದೆ, ಅಡಿಯಿಂದ ಹೊಸ ಮೈ ಹೊರಬರುತ್ತದೆ. ಮೇಲೆ ಕೂತ ಪಾಚಿ, ಕೊಳೆಯನ್ನು ಅದು ಕಳೆದುಕೊಳ್ಳುವ ಬಗೆ ಇದು. ಆ ದಿನಗಳಲ್ಲಿ ಜಾಗ ಬದಲಿಸಬೇಡಿ, ವೇವ್ ಮೇಕರಿನ ಹರಿವನ್ನು ಸ್ವಲ್ಪ ಅದರತ್ತ ತಿರುಗಿಸಿ, ಅಷ್ಟು ಸಾಕು. ಮೃದು ಹವಳಗಳು ನೆರೆಯವರನ್ನು ದೂರವಿಡಲು ನೀರಿಗೆ ರಾಸಾಯನಿಕ ಬಿಡುವುದರಿಂದ ಸಕ್ರಿಯ ಇದ್ದಿಲಿನ ಚೀಲವೊಂದನ್ನು ಕೆಳತೊಟ್ಟಿಯಲ್ಲಿಟ್ಟು ತಿಂಗಳಿಗೊಮ್ಮೆ ಬದಲಿಸಿ.

ಜೋವಾಂಥಿಡ್ ಗುಂಪಿನ ಕೆಲವು ಜಾತಿಗಳಲ್ಲಿ, ಮುಖ್ಯವಾಗಿ ಪಾಲಿಥೋವಾದಲ್ಲಿ, ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕನ್ನಡಕ ಬೇಕು. ಅವು ಅಂಟಿರುವ ಕಲ್ಲನ್ನು ಎಂದೂ ಬಿಸಿನೀರಿನಲ್ಲಿ ಕುದಿಸಬೇಡಿ. ಆವಿಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರುವ ಅಪಾಯವಿದೆ.

ಬೇಸಿಗೆ ಮತ್ತು ಕರೆಂಟು

ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಡಿಸೆಂಬರ್-ಜನವರಿಯ ಧಾರವಾಡದ ಚಳಿಗೆ ಹೀಟರ್ ಬೇಕು. ಬೇಸಿಗೆಗೆ ಮೊದಲ ಉಪಾಯ ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನ್. ಗದಗದ ಒಣ ಹವೆಯಲ್ಲಿ ಇದರಿಂದ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಅಷ್ಟು ಇಳಿದರೂ ನೀರು 27ಕ್ಕೆ ಬಾರದಷ್ಟು ಕಾಯುವ ಮನೆಯಾದರೆ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಅಥವಾ ಎಸಿ ಇಲ್ಲದೆ ಗತಿಯಿಲ್ಲ, ಇದನ್ನು ತೊಟ್ಟಿ ಕೊಳ್ಳುವ ಮೊದಲೇ ಲೆಕ್ಕ ಹಾಕಿ. ಫ್ಯಾನ್ ಹಾಕಿದಷ್ಟೂ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 150 ಲೀಟರಿನಲ್ಲಿ ಮೂರು ಲೀಟರ್ ಆರಿದರೆ 35 ಇದ್ದದ್ದು 35.7 ಆಗುತ್ತದೆ, ಮೂರು ದಿನ ಮರೆತರೆ 37 ದಾಟುತ್ತದೆ. ಆವಿಯಾದದ್ದಕ್ಕೆ ಬದಲಾಗಿ ಸಾದಾ ಡಿಐ ನೀರು ಹಾಕಬೇಕು, ಉಪ್ಪುನೀರಲ್ಲ. ಮಟ್ಟ ನೋಡಿ ತಾನೇ ನೀರು ತುಂಬುವ ಸಾಧನ ಸಿಗುತ್ತದೆ, ಮೊದಲ ಬೇಸಿಗೆಗೆ ಮುಂಚೆ ಹಾಕಿಸಿಕೊಳ್ಳಿ.

ಹೆಸ್ಕಾಂ ಲೈನ್ ಹೋದಾಗ ಮೊದಲು ಕಾಡುವುದು ಆಮ್ಲಜನಕದ ಕೊರತೆ. ದೀಪವಿಲ್ಲದೆ ಹವಳ ಒಂದೆರಡು ದಿನ ತಾಳುತ್ತದೆ, ನಿಂತ ಬೆಚ್ಚನೆಯ ನೀರಿನಲ್ಲಿ ಮೀನು ಕೆಲವೇ ಗಂಟೆ ತಾಳುತ್ತದೆ. ಮನೆಯ ಇನ್ವರ್ಟರಿಗೆ ಒಂದು ವೇವ್ ಮೇಕರನ್ನಾದರೂ ಜೋಡಿಸಿ, ಅದು ಎಳೆಯುವುದು ಹತ್ತಿಪ್ಪತ್ತು ವ್ಯಾಟ್ ಮಾತ್ರ. ಇನ್ವರ್ಟರ್ ಶುದ್ಧ ಸೈನ್ ವೇವ್‌ನದಾಗಿರಲಿ, ಇಲ್ಲದಿದ್ದರೆ ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಬ್ಯಾಟರಿಯ ಗಾಳಿ ಪಂಪ್ ಒಂದು ಕಪಾಟಿನಲ್ಲಿರಲಿ.

ವಾರದ ಕೆಲಸ

ಭಾನುವಾರ ಬೆಳಗಿನ ಒಂದು ಗಂಟೆ ಇದಕ್ಕೆಂದು ಮೀಸಲಿಡಿ. ಹಿಂದಿನ ರಾತ್ರಿ ಬೆರೆಸಿಟ್ಟ 15 ಲೀಟರ್ ಉಪ್ಪುನೀರಿನ ಉಷ್ಣತೆ, ಉಪ್ಪು ಎರಡೂ ತೊಟ್ಟಿಗೆ ಸಮನಾಗಿರಲಿ. ಗಾಜು ಉಜ್ಜಿ, ಪೈಪಿನಿಂದ ಮರಳಿನ ಮೇಲಿನ ಕೊಳೆ ಎಳೆದು, ಅಷ್ಟೇ ನೀರು ತೆಗೆದು ಹೊಸದು ತುಂಬಿ. ಸ್ಕಿಮ್ಮರಿನ ಬಟ್ಟಲು ತೊಳೆಯಿರಿ. ಕೈ ಹಾಕುವ ಮುನ್ನ ಸೋಪಿಲ್ಲದೆ ಬರೀ ನೀರಿನಿಂದ ತೊಳೆದುಕೊಳ್ಳಿ.

ಅಳೆಯಬೇಕಾದದ್ದು: ಉಪ್ಪು 35, ಅಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್‌ಗಳ ಪ್ರಮಾಣ) ಡಿಕೆಎಚ್ ಎಂಬ ಮಾನದಲ್ಲಿ 8ರಿಂದ 9, ಉಳಿದವು ಪಿಪಿಎಂನಲ್ಲಿ: ನೈಟ್ರೇಟ್ 10ರೊಳಗೆ, ಫಾಸ್ಫೇಟ್ 0.1ರೊಳಗೆ. ಎರಡು ವಾರಕ್ಕೊಮ್ಮೆ ಕ್ಯಾಲ್ಸಿಯಂ 400ರಿಂದ 450, ತಿಂಗಳಿಗೊಮ್ಮೆ ಮೆಗ್ನೀಸಿಯಂ 1,300ರ ಸುತ್ತ. ನೈಟ್ರೇಟ್, ಫಾಸ್ಫೇಟ್ ಪೂರ್ತಿ ಸೊನ್ನೆಯಾಗುವುದೂ ಒಳ್ಳೆಯದಲ್ಲ. ಮೃದು ಹವಳಗಳಿಗೆ ಅವು ಸ್ವಲ್ಪ ಬೇಕು. ಅಲ್ಕಲಿನಿಟಿ ಇಳಿದರೆ ಅಡುಗೆ ಸೋಡಾ ಸಾಕು, ಬೇಕಿಂಗ್ ಪೌಡರ್ ಅಲ್ಲ: 150 ಲೀಟರಿಗೆ ನಾಲ್ಕೂವರೆ ಗ್ರಾಂ, ಡಿಐ ನೀರಿನಲ್ಲಿ ಕರಗಿಸಿ ನಿಧಾನವಾಗಿ ಬಿಟ್ಟರೆ ಒಂದು ಡಿಕೆಎಚ್ ಏರುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಏರಿಸಬೇಡಿ. ಸಂಖ್ಯೆ ಆದರ್ಶಕ್ಕಿಂತ ತುಸು ಆಚೀಚೆ ಇದ್ದರೂ ಪ್ರತಿವಾರ ಒಂದೇ ಕಡೆ ನಿಂತಿದ್ದರೆ ಅದನ್ನು ಕೆದಕದಿರುವುದೇ ಜಾಣತನ.

ಮನೆಯಲ್ಲಿ ಸೊಳ್ಳೆಗೆ, ಜಿರಳೆಗೆ ಸಿಂಪಡಿಸುವ ಔಷಧಿ ತೊಟ್ಟಿಯಿರುವ ಕೋಣೆಗೆ ಬರಬಾರದು, ಸಿಗಡಿ-ಏಡಿಗಳು ಮೊದಲು ಸಾಯುತ್ತವೆ. ದೀಪಾವಳಿಗೆ ಸುಣ್ಣ-ಬಣ್ಣ ಮಾಡಿಸುವಾಗ ಕಿಟಕಿ ತೆರೆದು, ತೊಟ್ಟಿಗೆ ಹೊದಿಕೆ ಹಾಕಿ, ಇದ್ದಿಲು ಹೊಸದು ಹಾಕಿ.

ಊರಿಗೆ ಹೋಗುವಾಗ

ಜಾತ್ರೆಗೋ ಮದುವೆಗೋ ವಾರ ಹೊರಡುವ ಮನೆಗಳಲ್ಲಿ ತೊಟ್ಟಿ ಕೆಡುವುದು ಹೆಚ್ಚಾಗಿ ಆಹಾರದಿಂದ. ನೋಡಿಕೊಳ್ಳಲು ಬರುವ ಪಕ್ಕದ ಮನೆಯ ಕಾಕಾ ಅಥವಾ ಅಕ್ಕ ಮೀನು ಹಸಿದಿದೆಯೆಂದು ಮರುಗಿ ಚಿಟಿಕೆಯ ಬದಲು ಮುಷ್ಟಿ ಹಾಕುತ್ತಾರೆ, ಉಳಿದದ್ದು ಕೊಳೆತು ಅಮೋನಿಯಾ ಏರುತ್ತದೆ. ಆರೋಗ್ಯವಂತ, ಬೆಳೆದ ಮೀನು ಎರಡು-ಮೂರು ದಿನ ಉಪವಾಸ ಇರಬಲ್ಲದು. ಎರಡು ದಿನಕ್ಕೊಂದರಂತೆ ಆಹಾರವನ್ನು ಸಣ್ಣ ಕಾಗದದ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಡಿ, ಡಬ್ಬಿಯನ್ನು ಬೀಗದಲ್ಲಿಡಿ. ಡಿಐ ನೀರಿನ ಕ್ಯಾನನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟು, ಗಾಜಿನ ಮೇಲೆ ಪೆನ್ನಿನಿಂದ ನೀರಿನ ಮಟ್ಟಕ್ಕೆ ಗೆರೆ ಎಳೆದು, ‘ಈ ಗೆರೆಯವರೆಗೆ, ಈ ಕ್ಯಾನಿನ ನೀರು ಮಾತ್ರ’ ಎಂದು ಚೀಟಿ ಅಂಟಿಸಿ. ಇನ್ವರ್ಟರಿನ ಸ್ವಿಚ್ಚು, ವೇವ್ ಮೇಕರಿನ ಪ್ಲಗ್ಗು ಯಾವುದೆಂದು ತೋರಿಸಿ, ಕರೆಂಟು ಹೋದಾಗ ಏನು ಮಾಡಬೇಕೆಂದು ಅವರಿಂದಲೇ ಒಮ್ಮೆ ಮಾಡಿಸಿ ನೋಡಿ ಹೊರಡಿ.